ಏರಿಯಾ ಸೇಫ್ ಐತೇನ್ರಿ?

ಮೇ ಮುಗಿದು ಜೂನ್ ಹಿಡಿಯಿತೆಂದರೆ ನನ್ನ ಫೋನಿಗೆ ಧಾರವಾಡ, ಹುಬ್ಬಳ್ಳಿ, ಗದಗದ ಕಡೆಯ ಕರೆಗಳು ಶುರುವಾಗುತ್ತವೆ. ಯಾರದೋ ಮಗಳು, ಯಾರದೋ ನಾದಿನಿಯ ಮಗಳು. ಓದು ಮುಗಿದಿದೆ, ಮುಂಬೈಯಲ್ಲಿ ನೌಕರಿ ಸಿಕ್ಕಿದೆ, ಒಬ್ಬಳೇ ಬರಬೇಕು. ಕಂಪನಿ ಯಾವುದು, ಪಗಾರ ಎಷ್ಟು ಎಂಬುದನ್ನೆಲ್ಲ ನಾನು ಕೇಳದೆಯೇ ಹೇಳಿ ಮುಗಿಸಿ, ಆಮೇಲೆ ದನಿ ತುಸು ಇಳಿಸಿ ಕೇಳುವ ಪ್ರಶ್ನೆ ಒಂದೇ: "ಆ ಏರಿಯಾ ಸೇಫ್ ಐತೇನ್ರಿ?" ಅವರಿಗೆ ಬೇಕಿರುವುದು ಹೌದು ಅಥವಾ ಇಲ್ಲ. ಇಂಥ ಕಡೆ ಹಿಡೀರಿ ಎಂದು ನಾನೇ ಒಂದು ಹೆಸರು ಹೇಳಿಬಿಟ್ಟರೆ ಅಂದಿನ ರಾತ್ರಿ ಅವರಿಗೆ ಒಳ್ಳೆಯ ನಿದ್ದೆ. ಹೇಳಿ ಫೋನ್ ಇಡುವುದು ನನಗೂ ಸಲೀಸು. ಆದರೆ ಹೇಳಲಾಗುವುದಿಲ್ಲ. ಈ ಊರಿನಲ್ಲಿ ಒಂದೇ ಏರಿಯಾದ ಅಕ್ಕಪಕ್ಕದ ಎರಡು ಗಲ್ಲಿಗಳು ರಾತ್ರಿ ಹತ್ತರ ಹೊತ್ತಿಗೆ ಸಂಬಂಧವೇ ಇಲ್ಲದ ಹಾಗೆ ಇರುತ್ತವೆ. ಅದನ್ನು ಐನೂರು ಕಿಲೋಮೀಟರ್ ಆಚೆ ಕುಳಿತು ಚಿಂತೆ ಮಾಡುತ್ತಿರುವ ತಂದೆಗೆ ಫೋನಿನಲ್ಲಿ ಹೇಗೆ ವಿವರಿಸುವುದು?

ಈ ಸಲ ಕರೆ ಮಾಡಿದವರು ನಮ್ಮ ಅಣ್ಣನ ಗೆಳೆಯರು, ಹೈಸ್ಕೂಲು ಮಾಸ್ತರರು. ಲೆಕ್ಕದ ಮಾಸ್ತರರಾದ್ದರಿಂದ ಕೆಲಸ ಅಚ್ಚುಕಟ್ಟು. ಇಂಟರ್ನೆಟ್ಟಿನಲ್ಲಿ ಹುಡುಕಿ ಆರು ಮನೆಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಅಂಕ ಕೊಟ್ಟು ವಾಟ್ಸಾಪಿನಲ್ಲಿ ಕಳಿಸಿದ್ದರು. ಗೇಟು ಇದ್ದರೆ ಎರಡು ಅಂಕ, ಇಪ್ಪತ್ನಾಲ್ಕು ತಾಸಿನ ವಾಚ್‌ಮನ್‌ಗೆ ಎರಡು, ಸಿಸಿಟಿವಿಗೆ ಒಂದು, ಇಂಟರ್‌ಕಾಮ್‌ಗೆ ಒಂದು. ಮೊದಲ ಸ್ಥಾನ ಬಂದದ್ದು ಇಪ್ಪತ್ತೆರಡು ಅಂತಸ್ತಿನ ಒಂದು ಟವರಿಗೆ. ಸ್ಟೇಷನ್ನಿನಿಂದ ಆ ಗೇಟಿನವರೆಗಿನ ರಸ್ತೆಗೆ ಪಟ್ಟಿಯಲ್ಲಿ ಒಂದು ಕಾಲಮ್ಮೂ ಇರಲಿಲ್ಲ. ಹುಡುಗಿ ದಿನಾ ನಡೆಯಬೇಕಾದದ್ದು ಆ ರಸ್ತೆಯ ಮೇಲೆ.

ಭಾನುವಾರ ಬೆಳಿಗ್ಗೆಯ ಮನೆ

ನಾನು ಈ ಊರಿಗೆ ಬಂದಾಗ ನನ್ನ ಆಫೀಸು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ, ಎಲ್ಲರ ಬಾಯಲ್ಲಿ ಬಿಕೆಸಿ. ಹಗಲು ಹೊತ್ತಿನಲ್ಲಿ ಅದನ್ನು ನೋಡಿದವರು ಇದಕ್ಕಿಂತ ಗಿಜಿಗುಡುವ ಜಾಗ ಇಲ್ಲವೆಂದೇ ಹೇಳಬೇಕು. ರಾಷ್ಟ್ರೀಯ ಷೇರುಪೇಟೆ ಅಲ್ಲಿದೆ, ಷೇರುಪೇಟೆಯ ನಿಯಂತ್ರಕ ಸೆಬಿ ಅಲ್ಲಿದೆ, ವಜ್ರದ ವ್ಯಾಪಾರಿಗಳ ಭಾರತ್ ಡೈಮಂಡ್ ಬೋರ್ಸ್ ಅಲ್ಲಿದೆ, ಬ್ಯಾಂಕುಗಳ ಮುಖ್ಯ ಕಚೇರಿಗಳಿವೆ. ಸಂಜೆ ಏಳರಿಂದ ಎಂಟರವರೆಗೆ ಜನ ಹೊಳೆಯಾಗಿ ಹರಿದು ಬಸ್ಸು, ಶೇರ್ ಆಟೋ ಹಿಡಿಯುತ್ತಾರೆ. ನಾನು ಬಂದ ಹೊಸತರಲ್ಲಿ ಒಂಬತ್ತೂವರೆಗೆ ಅಲ್ಲಿ ನಿಂತರೆ ಗಾಜಿನ ಕಟ್ಟಡಗಳ ಬೆಳಕಿನ ಕೆಳಗೆ ನಾನು ಮತ್ತು ನಾಯಿಗಳು. ಗದ್ದಲವಿದ್ದ ಜಾಗವೆಲ್ಲ ಜೀವಂತ ಜಾಗವಲ್ಲ ಎನ್ನುವುದನ್ನು ನಾನು ಕಲಿತದ್ದು ಅಲ್ಲಿ. ಒಂದೇ ಬಗೆಯ ಜನ ಒಂದೇ ಹೊತ್ತಿಗೆ ಬಂದು ಒಂದೇ ಹೊತ್ತಿಗೆ ಹೋಗುವ ಕಡೆ ಎಷ್ಟು ಲಕ್ಷ ಜನ ಬಂದರೂ ಕೊನೆಗೆ ಉಳಿಯುವುದು ಖಾಲಿ ರಸ್ತೆಯೇ.

ಸಹೋದ್ಯೋಗಿಗಳು ನವಿ ಮುಂಬೈ ನೋಡು ಎಂದರು. ಬಾಡಿಗೆ ಕಡಿಮೆ, ಮನೆ ದೊಡ್ಡದು, ಹಾರ್ಬರ್ ಲೈನಿನ ಲೋಕಲ್ ರೈಲು ಹಿಡಿದು ಕುರ್ಲಾದಲ್ಲಿ ಇಳಿದರೆ ಮುಂದೆ ಬಸ್ಸು. ಮುಂಬೈಯ ಜನದಟ್ಟಣೆ ಇಳಿಸಲೆಂದು 1970ರಲ್ಲಿ ಸಿಡ್ಕೊ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿದ್ದು, ಆ ಊರನ್ನು ಸೆಕ್ಟರ್ ಸೆಕ್ಟರಾಗಿ ನಕ್ಷೆ ಹಾಕಿ ಕಟ್ಟಿದ್ದು ನಿಮಗೆ ಗೊತ್ತಿರುವ ಕತೆಯೇ. ಬ್ರೋಕರ್ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆದುಕೊಂಡು ಹೋದ. ಬ್ರೋಕರುಗಳು ಮನೆ ತೋರಿಸುವುದು ಭಾನುವಾರ ಬೆಳಿಗ್ಗೆಯೇ. ಆ ಹೊತ್ತಿನಲ್ಲಿ ಭೂಮಿಯ ಮೇಲಿನ ಯಾವ ಮನೆಯೂ ಕೆಟ್ಟದಾಗಿ ಕಾಣುವುದಿಲ್ಲ. ಬಿಸಿಲು, ಗಾಳಿ, ಕೆಳಗೆ ಸೈಕಲ್ ಹೊಡೆಯುವ ಮಕ್ಕಳು, ಯಾರದೋ ಮನೆಯಿಂದ ಒಗ್ಗರಣೆಯ ವಾಸನೆ. ನನಗೆ ಮನೆ ಹಿಡಿಸಿತು. ಅಡ್ವಾನ್ಸ್ ಕೊಡುವ ಮೊದಲು ಇನ್ನೊಂದು ಸಲ ಬರುತ್ತೇನೆ ಎಂದೆ.

ಬುಧವಾರ ಆಫೀಸು ಮುಗಿಸಿ ಒಬ್ಬಳೇ ಹೋದೆ. ಸ್ಟೇಷನ್ ದಾಟಿ ಹೊರಬರುವಾಗ ಒಂಬತ್ತೂಮುಕ್ಕಾಲು. ಅಗಲವಾದ ರಸ್ತೆ, ಒಳ್ಳೆಯ ಫುಟ್‌ಪಾತು, ಹಾಲು ಚೆಲ್ಲಿದಂಥ ಬೀದಿದೀಪ. ಕತ್ತಲೆಂದು ಹೇಳುವ ಹಾಗೇ ಇಲ್ಲ. ಆದರೆ ಎಡಕ್ಕೂ ಬಲಕ್ಕೂ ಆಳೆತ್ತರದ ಕಾಂಪೌಂಡ್ ಗೋಡೆ. ಒಂದು ಸೊಸೈಟಿಯ ಗೋಡೆ ಮುಗಿದಲ್ಲಿ ಇನ್ನೊಂದರದು ಶುರು. ಅಂಗಡಿಗಳೆಲ್ಲ ಗೋಡೆಯ ಒಳಗೆ, ಅಲ್ಲಿಯವರ ಅನುಕೂಲಕ್ಕೆ. ಕಿಟಕಿಗಳೆಲ್ಲ ಆರನೆಯ ಅಂತಸ್ತಿನಿಂದ ಮೇಲೆ, ಕೆಳಗಿನದೆಲ್ಲ ಪಾರ್ಕಿಂಗ್. ನಾನು ಎಲ್ಲರಿಗೂ ಕಾಣುವಷ್ಟು ಬೆಳಕು, ನೋಡಲು ಒಬ್ಬರೂ ಇಲ್ಲ. ಹಿಂದಿನಿಂದ ಒಂದು ಬೈಕು ನಿಧಾನ ಮಾಡಿ, ಮತ್ತೆ ಮುಂದೆ ಹೋಯಿತು. ಅವನು ಫೋನ್ ನೋಡಲು ನಿಧಾನ ಮಾಡಿದ್ದನೋ ಏನೋ. ಗೇಟು ಮುಟ್ಟುವವರೆಗೆ ನಾನು ಹೆಜ್ಜೆ ಹಾಕಿದ ಬಗೆಯನ್ನು ನಡಿಗೆ ಎನ್ನಲು ಬರುವುದಿಲ್ಲ.

ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್ ಮುಂದೆ ತಳ್ಳಿದ. ಹೆಸರು, ಫೋನ್ ನಂಬರ್, ಯಾರನ್ನು ನೋಡಬೇಕು. ಪಾಪ, ಒಳ್ಳೆಯ ಮನುಷ್ಯ, ನೀರು ಬೇಕೇ ಎಂದೂ ಕೇಳಿದ. ಅವನ ಕುರ್ಚಿ ಗೇಟಿನ ಒಳಗೆ, ಗೇಟಿಗೆ ಮುಖ ಮಾಡಿಕೊಂಡು. ಗೇಟಿನಿಂದ ಇಪ್ಪತ್ತು ಹೆಜ್ಜೆ ಆಚೆ ಏನಾದರೂ ಅದು ಅವನ ಕೆಲಸವಲ್ಲ. ಅವನು ಕಾಯುವುದು ಒಳಗಿರುವವರನ್ನು, ಹೊರಗಿನವರಿಂದ. ದಿನದಲ್ಲಿ ಎರಡು ಸಲ ಆ ರಸ್ತೆಯ ಮೇಲಿರುವಷ್ಟು ಹೊತ್ತು ನಾನೂ ಹೊರಗಿನವಳೇ.

ಪ್ಲೇಗು ಕಟ್ಟಿಸಿದ ರಸ್ತೆಗಳು

ಮಾಟುಂಗಾ ನನ್ನ ತಲೆಯಲ್ಲಿ ಇರಲಿಲ್ಲ. ಅದು ಮದ್ರಾಸಿಗಳ ಏರಿಯಾ, ಮುದುಕರ ಏರಿಯಾ ಎಂದು ಆಫೀಸಿನಲ್ಲಿ ನಗುತ್ತಿದ್ದರು. ನಾನು ಅಲ್ಲಿಗೆ ಹೋದದ್ದು ಮನೆ ನೋಡಲಿಕ್ಕಲ್ಲ, ಕಾಫಿ ಪುಡಿ ಕೊಳ್ಳಲು. ಊರು ಬಿಟ್ಟವರಿಗೆ ಮೊದಲು ನೆನಪಾಗುವುದು ನಾಲಿಗೆ. ಸ್ಟೇಷನ್ನಿನಿಂದ ಕಿಂಗ್ಸ್ ಸರ್ಕಲ್ಲಿನ ಕಡೆ ನಡೆಯುತ್ತ ಹೋದರೆ ಬಾಳೆಎಲೆ, ಮಲ್ಲಿಗೆ, ಕನಕಾಂಬರ, ಎಳೆ ಹಲಸಿನಕಾಯಿ, ವೀಳ್ಯದೆಲೆ, ಹಪ್ಪಳ ಮಾರುವವರ ಸಾಲು. ರಾತ್ರಿ ಒಂಬತ್ತು ದಾಟಿತ್ತು. ಅರವತ್ತು ದಾಟಿದ ಇಬ್ಬರು ಹೆಂಗಸರು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಸೊಸೆಯರ ವಿಷಯ ಮಾತಾಡುತ್ತಿದ್ದರು. ಮುಖ ನೋಡಿದರೇ ವಿಷಯ ತಿಳಿಯುತ್ತಿತ್ತು, ಭಾಷೆ ತಮಿಳಾದರೇನು. ಒಬ್ಬ ಹುಡುಗಿ ಗೋಡೆಗೆ ಒರಗಿ ನಿಂತು ಫೋನಿನಲ್ಲಿ ಜಗಳ ಮಾಡುತ್ತಿದ್ದಳು. ಯಾರೂ ಎಲ್ಲಿಗೂ ಅವಸರದಲ್ಲಿ ಹೋಗುತ್ತಿರಲಿಲ್ಲ. ನನ್ನ ಮನಸ್ಸಿಗೆ ಹೊಕ್ಕಿದ್ದು ಅದು. ಹೆಂಗಸರು ಓಡಾಡುವ ಬೀದಿ ಎಲ್ಲ ಕಡೆ ಇದೆ, ಓಡಾಡದೆ ಗತಿಯಿಲ್ಲ. ರಾತ್ರಿ ಹತ್ತಕ್ಕೆ ಹೆಂಗಸರು ಕೆಲಸವಿಲ್ಲದೆ ಸುಮ್ಮನೆ ನಿಂತಿರುವ ಬೀದಿ ಎಷ್ಟಿವೆ?

ಇದು ಹೀಗೇಕೆ ಎಂದು ಆಮೇಲೆ ಕೆದಕಿದೆ. 1896ರಲ್ಲಿ ಮುಂಬೈಗೆ ಪ್ಲೇಗು ಬಿತ್ತು. ಮಾಂಡ್ವಿಯ ಕಿಷ್ಕಿಂಧೆಯಂಥ ಓಣಿಗಳಲ್ಲಿ ಜನ ಸಾಯತೊಡಗಿದಾಗ ಸರ್ಕಾರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿತು. ಗಾಳಿ ಬೆಳಕು ಬರುವ ಹೊಸ ಬಡಾವಣೆ ಬೇಕೆಂದು ಆಗಿನ ಊರಿನ ಉತ್ತರದ ಅಂಚಿನಲ್ಲಿ ದಾದರ್, ಮಾಟುಂಗಾ, ವಡಾಲಾ, ಸಾಯನ್ ಕಡೆ ನಕ್ಷೆ ಹಾಕಿದರು. ನಮ್ಮ ಬೆಂಗಳೂರಿಗೆ ಅದೇ ಪಿಡುಗು 1898ರಲ್ಲಿ ಬಂದು ಮಲ್ಲೇಶ್ವರ, ಬಸವನಗುಡಿಗಳು ಬೆಳೆದವಲ್ಲ, ಇವು ಅವುಗಳ ಅಕ್ಕತಂಗಿಯರು. ಗಿಡಮರದ ರಸ್ತೆ, ನಡುವೆ ಫೈವ್ ಗಾರ್ಡನ್ಸ್ ಎಂಬ ಐದು ತೋಟ, ರಸ್ತೆಗೆ ಬಾಲ್ಕನಿ ಚಾಚಿದ ಮೂರ್ನಾಲ್ಕು ಅಂತಸ್ತಿನ ಕಟ್ಟಡಗಳು. ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟರು ಆ ಕಟ್ಟಡಗಳಲ್ಲಿ ಬಾಡಿಗೆಗೆ ಇಳಿದರು. ಅವರಿಗೆ ಊಟ ಹಾಕಲು ಉಡುಪಿಯವರು ಬಂದರು. 1926ರಲ್ಲಿ ಮೈಸೂರು ಅಸೋಸಿಯೇಶನ್ ಹುಟ್ಟಿತು. ಎ. ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ಬಾಳೆಎಲೆ ಊಟ ಮಾಡಿದ ಒಂಟಿ ಗಂಡಸರ ಸಂಖ್ಯೆ ಎಷ್ಟೋ! ಒಂಟಿಯಾಗಿ ದುಡಿಯಲು ಬಂದವರಿಗೆಂದೇ ಒಂದು ಏರಿಯಾ ರೂಪುಗೊಂಡರೆ ಹೇಗಿರುತ್ತದೋ ಹಾಗಿದೆ ಅದು. ಆಗ ಬಂದವರು ಗಂಡಸರು, ಅಷ್ಟೇ ವ್ಯತ್ಯಾಸ.

ಇನ್ನೊಂದು ಕಾರಣ ಕಾನೂನಿನದು. ಇಲ್ಲಿಯ ಹಳೆಯ ಕಟ್ಟಡಗಳಲ್ಲಿ ಬಹಳಷ್ಟು ಪಗಡಿ ಮನೆಗಳು. ಒಮ್ಮೆ ಇಡಿಗಂಟು ಕೊಟ್ಟು ಒಳಗೆ ಬಂದರೆ ಬಾಡಿಗೆ ಹೆಸರಿಗೆ ಮಾತ್ರ. ಬಾಡಿಗೆ ನಿಯಂತ್ರಣ ಕಾಯ್ದೆಯ ದೆಸೆಯಿಂದ ತಲೆಮಾರುಗಟ್ಟಲೆ ಯಾರೂ ಸುಲಭವಾಗಿ ಎಬ್ಬಿಸುವಂತಿಲ್ಲ. ಹಾಗಾಗಿ ಹಳೆಯ ಜನ ಹಾಗೇ ಉಳಿದರು. ಮಕ್ಕಳು ನ್ಯೂಜೆರ್ಸಿಗೋ ಠಾಣೆಗೋ ಹೋದರು. ದೊಡ್ಡ ಮನೆಯಲ್ಲಿ ಒಂಟಿ ವೃದ್ಧೆ, ಖಾಲಿ ಬಿದ್ದ ಒಂದು ಕೋಣೆ. ಆ ಕೋಣೆಗೆ ಪೇಯಿಂಗ್ ಗೆಸ್ಟ್ ಎಂದು ನನ್ನಂಥವಳು.

"ಎಷ್ಟು ಗಂಟೆಗೆ ಅಂತ ಮಾತ್ರ ಹೇಳು"

ಆ ಕೋಣೆಯ ಒಡತಿ ಕುಂದಾಪುರದ ಕಡೆಯ ಕೊಂಕಣಿಯವರು. ಇಡೀ ಕಟ್ಟಡಕ್ಕೆ ಅವರು ಆಂಟಿ. ನನ್ನದು ಧಾರವಾಡದ ಕನ್ನಡ, ಅವರದು ಪುಸ್ತಕದಿಂದ ಎದ್ದು ಬಂದಂಥ ಕರಾವಳಿಯ ಕನ್ನಡ. ಸಂದರ್ಶನ ಅಡುಗೆಮನೆಯಲ್ಲೇ ನಡೆಯಿತು, ಅವರು ಬೀನ್ಸ್ ಮುರಿಯುತ್ತ.

"ನೀನು ಸಸ್ಯಾಹಾರಿಯಾ?"

"ಹೌದ್ರಿ."

"ಹಾಗಾದರೆ ಕಷ್ಟ ಆಯಿತು ಮಾರಾಯ್ತಿ. ನಾವು ಮೀನು ಮಾಡುವವರು. ನಿನಗೆ ವಾಸನೆ ಆಗಲಿಕ್ಕಿಲ್ಲವಾ?"

ಮುಂಬೈಯಲ್ಲಿ ಮನೆ ಹುಡುಕಿದವರಿಗೆ ಈ ಪ್ರಶ್ನೆಯ ರುಚಿ ಗೊತ್ತಾಗುತ್ತದೆ. ಅಲ್ಲಿಯವರೆಗೆ ಎಲ್ಲ ಬಾಗಿಲುಗಳಲ್ಲೂ ನಾನು ಕೇಳಿಸಿಕೊಂಡದ್ದು ಇದರ ತಿರುಗಾಮುರುಗಾ: ಮೀನು ಮಾಂಸ ತಿನ್ನುವವರಿಗೆ ಮನೆ ಇಲ್ಲ. ಮೀನು ಮಾಡುವ ದಿನ ನಾನು ಹೊರಗೆ ಉಣ್ಣುತ್ತೇನೆ ಎಂದೆ. ನೀರು ಬೆಳಿಗ್ಗೆ ಮಾತ್ರ, ಬಟ್ಟೆ ಒಗೆಯುವುದಾದರೆ ಆಗಲೇ ಆಗಬೇಕು. ಗಂಡುಮಕ್ಕಳು ಒಳಗೆ ಬರುವ ಹಾಗಿಲ್ಲ. ಹತ್ತು ಗಂಟೆಗೆ ಬಾಗಿಲು.

"ತಿಂಗಳ ಕೊನೀಗೆ ಆಫೀಸ್ನ್ಯಾಗ ತಡ ಆಗ್ತದ್ರಿ ಆಂಟಿ. ಹನ್ನೊಂದೂ ಆಗಬಹುದು."

ಅವರು ಬೀನ್ಸ್ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಆಗಲಿ. ಫೋನ್ ಮಾಡು. ಯಾಕೆ ಅಂತ ನಾನು ಕೇಳುವುದಿಲ್ಲ. ಎಷ್ಟು ಗಂಟೆಗೆ ಅಂತ ಮಾತ್ರ ಹೇಳು, ನಾನು ಮಲಗಬೇಕಲ್ಲ."

ಆ ಮಾತಿಗೇ ನಾನು ಡಿಪಾಸಿಟ್ ಎಣಿಸಿದೆ. ಕೇಳುವವರಿರಬೇಕು, ಆದರೆ ಕಾರಣ ಕೇಳಬಾರದು. ಒಂಟಿಯಾಗಿ ಬಂದ ಹೆಣ್ಣಿಗೆ ಬೇಕಾದ ಅಳತೆ ಅದು. ಸಿಗುವುದು ಬಹಳ ಅಪರೂಪ. ನನಗೆ ಸಿಕ್ಕಿದ್ದರಲ್ಲಿ ನನ್ನ ಹೆಸರಿನ, ಊರಿನ, ಭಾಷೆಯ ಪಾಲೂ ಇತ್ತು. ನನ್ನ ಜೊತೆಗೇ ಸೇರಿದ, ನನ್ನಷ್ಟೇ ಪಗಾರದ ಇನ್ನೊಬ್ಬ ಹುಡುಗಿಗೆ ಹೆಸರು ಹೇಳಿದ ಕೂಡಲೇ ಆ ಬೀದಿಯ ಕೋಣೆಗಳೆಲ್ಲ ಭರ್ತಿಯಾಗಿಬಿಡುತ್ತಿದ್ದವು. ಅವಳು ಕೊನೆಗೆ ಮಾಹಿಮಿನಲ್ಲಿ, ದರ್ಗಾದ ಹತ್ತಿರ ಮನೆ ಮಾಡಿದಳು. ಒಮ್ಮೆ ರಾತ್ರಿ ಹನ್ನೆರಡಕ್ಕೆ ಅವಳನ್ನು ಬಿಡಲು ಹೋದಾಗ ನೋಡಿದೆ: ಬೀದಿ ತುಂಬ ಬೆಳಕು, ಹಲ್ವದ ಅಂಗಡಿ, ಚಹಾದ ಅಂಗಡಿ, ಮಕ್ಕಳನ್ನು ಎತ್ತಿಕೊಂಡು ತಿರುಗುವ ಹೆಂಗಸರು. ನನ್ನ ಮಾಟುಂಗಾ ಆ ಹೊತ್ತಿಗೆ ಮಲಗಿರುತ್ತಿತ್ತು. ನನ್ನ ಲೆಕ್ಕದಲ್ಲಿ ಅವಳ ಬೀದಿಗೆ ನನ್ನದಕ್ಕಿಂತ ಹೆಚ್ಚು ಅಂಕ. ಮಾಸ್ತರರ ಥರದ ಪಟ್ಟಿಗಳಲ್ಲಿ ಅಂಥ ಏರಿಯಾಗಳ ಹೆಸರೇ ಬರುವುದಿಲ್ಲ. ಸೇಫ್ ಎನ್ನುವ ಮಾತಿನಡಿಯಲ್ಲಿ ನಮ್ಮವರು ಎನ್ನುವುದನ್ನು ಸೇರಿಸಿ ಕೇಳುವವರು ಎಷ್ಟೋ ಮಂದಿ. ಫೋನಿನಲ್ಲಿ ಅದು ನನಗೆ ಕೇಳಿಸುತ್ತದೆ, ಅವರಿಗೆ ಕೇಳಿಸುವುದಿಲ್ಲ.

ಕಿಧರ್ ಜಾನಾ ಹೈ?

ಆ ಬೀದಿಯ ದಿನಚರಿಯನ್ನು ಹೇಳಬೇಕು. ಬೆಳಕು ಹರಿಯುವ ಮೊದಲೇ ಸ್ಟೇಷನ್ನಿನ ಹೊರಗೆ ಪೇಪರ್ ಹಂಚುವವರು ನೆಲದ ಮೇಲೆ ಕುಳಿತು ಪುರವಣಿ ಸೇರಿಸುತ್ತಿರುತ್ತಾರೆ. ಹೂವಿನ ಬುಟ್ಟಿಗಳು ಬಂದಿಳಿಯುತ್ತವೆ. ಆಸ್ತಿಕ ಸಮಾಜದ ದೇವಸ್ಥಾನಕ್ಕೆ ಒದ್ದೆ ತಲೆಯ ಮಾಮಿಯರು. ಎಂಟರಿಂದ ರುಯಿಯಾ, ಪೋದಾರ್, ಖಾಲ್ಸಾ ಕಾಲೇಜುಗಳ, ವಿಜೆಟಿಐನ ಹುಡುಗರು ಹುಡುಗಿಯರು. ಮಧ್ಯಾಹ್ನ ಊಟದ ಸರದಿ. ಸಂಜೆ ತರಕಾರಿ, ರಾತ್ರಿ ಐಸ್‌ಕ್ರೀಮು, ಪಾನ್, ಔಷಧಿ ಅಂಗಡಿ, ಕೊನೆಗೆ ಟ್ಯಾಕ್ಸಿಯವರು. ಒಂದು ಗುಂಪು ಮನೆಗೆ ಹೋಗುವ ಹೊತ್ತಿಗೆ ಇನ್ನೊಂದು ಬಂದು ಕೂತಿರುತ್ತದೆ. ಯಾರೂ ಹೊತ್ತು ಗೊತ್ತುಮಾಡಿಕೊಂಡು ಬಂದವರಲ್ಲ, ಅವರವರ ಹೊಟ್ಟೆಪಾಡಿಗೆ ಅವರವರು ಬಂದವರು. ಬಿಕೆಸಿಯಲ್ಲಿ ಇಲ್ಲದ್ದು ಇದೇ.

ಒಂದು ಮಳೆಗಾಲದ ರಾತ್ರಿ ಸಾಯನ್ ಕಡೆಯಿಂದ ಬರುವ ಲೋಕಲ್ಲಿನಿಂದ ಇಳಿದೆ. ಮಹಿಳಾ ಬೋಗಿಯಿಂದ ಇಳಿದವಳು ನಾನೊಬ್ಬಳೇ. ಪಕ್ಕದ ಬೋಗಿಯಿಂದ ಇಳಿದ ಒಬ್ಬ ಮೆಟ್ಟಿಲಲ್ಲಿ ಹಿಂದೆ, ಹೊರಗೆ ಬಂದರೆ ಅಲ್ಲೂ ಹಿಂದೆ. ನಾನು ನಿಂತರೆ ನಿಂತ. ಮನೆಯ ಕಡೆ ತಿರುಗಿದರೆ ಮನೆ ತೋರಿಸಿದಂತಾಗುತ್ತದೆ, ತಿರುಗಲಿಲ್ಲ. ಹೂವಿನವನು ಬುಟ್ಟಿ ಕಟ್ಟುತ್ತಿದ್ದ. ಒಂದು ಮೊಳ ಮಲ್ಲಿಗೆ ಕೊಡು ಎಂದೆ. ಅವನು ನನ್ನ ಮುಖ ನೋಡಿದ, ನನ್ನ ಭುಜದಾಚೆ ನೋಡಿದ, ಏನೂ ಅನ್ನಲಿಲ್ಲ. ಕಟ್ಟಿಟ್ಟ ಮಾಲೆಯನ್ನು ಕೊಡುವ ಬದಲು ಹೊಸದಾಗಿ ಕಟ್ಟಲು ಕೂತ. ಅಷ್ಟು ಸಾವಕಾಶವಾಗಿ ಯಾರೂ ಹೂ ಕಟ್ಟಿದ್ದನ್ನು ನಾನು ನೋಡಿಲ್ಲ. ಆ ಮನುಷ್ಯ ಹೋಗಿ ಟ್ಯಾಕ್ಸಿ ಸಾಲಿನ ಹತ್ತಿರ ನಿಂತ. ಅಲ್ಲಿ ನಿಂತದ್ದೇ ಅವನಿಗೆ ಎಡವಟ್ಟಾಯಿತು.

"ಕಿಧರ್ ಜಾನಾ ಹೈ?" ಮೊದಲ ಟ್ಯಾಕ್ಸಿಯವನು ಕೇಳಿದ.

ಅವನು ತಲೆ ಅಲ್ಲಾಡಿಸಿದ. ಎರಡನೆಯವನು ಬಾಗಿಲು ತೆಗೆದು ಕೇಳಿದ, ಕಿಧರ್ ಜಾನಾ ಹೈ. ಮೂರನೆಯವನು ಮಲಗಿದ್ದವನು ಎದ್ದು ಕೇಳಿದ. ಮುಂಬೈಯ ದ್ವೀಪದ ಭಾಗದಲ್ಲಿ ಆಟೋ ಇಲ್ಲ. ಆಟೋಗಳ ಗಡಿ ಈಚೆ ಸಾಯನ್‌ನಲ್ಲಿ, ಆಚೆ ಬಾಂದ್ರಾದಲ್ಲಿ ಮುಗಿಯುತ್ತದೆ. ಮಾಟುಂಗಾದಲ್ಲಿ ಕಾಲಿ ಪೀಲಿ, ಅಂದರೆ ಕಪ್ಪು ಹಳದಿ ಬಣ್ಣದ ಟ್ಯಾಕ್ಸಿಯವರದೇ ರಾಜ್ಯ. ನಾವು ಹತ್ತಿರದ ಜಾಗ ಹೇಳಿದರೆ ಮುಖ ತಿರುಗಿಸುವ ಅದೇ ಮಹಾಶಯರು ಆ ರಾತ್ರಿ ಒಬ್ಬನನ್ನು ಎಲ್ಲಿಗೆ ಹೋಗಬೇಕೆಂದು ಬಿಡದೆ ಕೇಳಿದರು. ಅವರಿಗೆ ನನ್ನ ವಿಷಯ ಗೊತ್ತಿರಲಿಲ್ಲ, ಗಿರಾಕಿ ಬೇಕಿತ್ತು. ಎಲ್ಲಿಗೆ ಹೋಗಬೇಕೆಂಬುದಕ್ಕೆ ಉತ್ತರವಿಲ್ಲದ ಮನುಷ್ಯ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ಮತ್ತೆ ಸ್ಟೇಷನ್ನಿನ ಒಳಗೆ ಹೋದ. ಹೂವಿನವನು ಮಾಲೆ ಕೊಟ್ಟು ದುಡ್ಡು ಎಣಿಸಿಕೊಂಡ, ಒಂದು ರೂಪಾಯಿಯೂ ಬಿಡಲಿಲ್ಲ.

ಬೀದಿಯಲ್ಲಿ ಕೆಲಸವಿದ್ದವರ ಕಣ್ಣು ಹೀಗೆ. ಅದು ನಿಮ್ಮ ಮೇಲೆ ಇರುವುದಿಲ್ಲ, ಬೀದಿಯ ಮೇಲೆ ಇರುತ್ತದೆ; ಬೀದಿಯಲ್ಲಿ ನೀವೂ ಇರುತ್ತೀರಿ. ಕೆಲಸವಿಲ್ಲದವರ ಕಣ್ಣಿನ ಮಾತು ಬೇರೆ. ನಮ್ಮ ಕಟ್ಟಡದ ಎರಡನೆಯ ಅಂತಸ್ತಿನಲ್ಲಿ ರಿಟೈರಾದ ಯಜಮಾನರೊಬ್ಬರಿದ್ದರು. ಬಾಲ್ಕನಿಯ ಕುರ್ಚಿಯಲ್ಲಿ ಬೆಳಗಿನಿಂದ ಸಂಜೆ. ನಾನು ಎಷ್ಟು ಗಂಟೆಗೆ ಬಂದೆ, ಯಾರ ಕಾರಿನಿಂದ ಇಳಿದೆ, ಭಾನುವಾರ ಸೂಟ್‌ಕೇಸು ಹಿಡಿದು ಎಲ್ಲಿಗೆ ಹೋದೆ ಎಂಬುದು ಮರುದಿನ ಆಂಟಿಯ ಕಿವಿಗೆ ಬಿದ್ದಿರುತ್ತಿತ್ತು. ಆಂಟಿ ನನಗೆ ಅದನ್ನು ವರದಿ ಮಾಡಿ "ಅವರಿಗೆ ಬೇರೆ ಕೆಲಸ ಇಲ್ಲ" ಎನ್ನುತ್ತಿದ್ದರು. ಅವರ ಕಣ್ಣಿಗೆ ಬೀಳದಿರಲೆಂದು ನಾನು ಸಹೋದ್ಯೋಗಿಯ ಕಾರನ್ನು ಕಿಂಗ್ಸ್ ಸರ್ಕಲ್ಲಿನಲ್ಲೇ ನಿಲ್ಲಿಸಿ ಉಳಿದ ದಾರಿ ನಡೆದದ್ದುಂಟು. ಅಂದರೆ ಸುರಕ್ಷತೆಯ ಕಣ್ಣಿಗೆ ಹೆದರಿ ಕತ್ತಲಲ್ಲಿ ನಡೆದೆ! ಆದರೆ ಇದೇ ಯಜಮಾನರು, ನಾನು ಹನ್ನೊಂದಕ್ಕೆ ಬಂದ ದಿನ, ಮೆಟ್ಟಿಲಿನ ಬಲ್ಬು ಹೋಗಿದ್ದರೆ ಮೇಲಿನಿಂದ ಟಾರ್ಚು ಬಿಡುತ್ತಿದ್ದರು, ನಾನು ಬೀಗ ತೆಗೆಯುವವರೆಗೂ. ಕಾಯುತ್ತಿದ್ದರೋ ಲೆಕ್ಕ ಇಡುತ್ತಿದ್ದರೋ, ಇವತ್ತಿಗೂ ತೀರ್ಮಾನಿಸಲು ನನಗಾಗಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ.

ಸೇತುವೆಯ ಮೇಲೆ

ಮಾಟುಂಗಾವನ್ನು ಸ್ವರ್ಗ ಮಾಡಿ ತೋರಿಸುತ್ತಿಲ್ಲ. ಸೆಂಟ್ರಲ್ ಲೈನಿನ ಮಾಟುಂಗಾಕ್ಕೂ ವೆಸ್ಟರ್ನ್ ಲೈನಿನ ಮಾಟುಂಗಾ ರೋಡಿಗೂ ನಡುವೆ ಹಳಿಗಳ ಮೇಲೆ ಹಾಯುವ ಉದ್ದನೆಯ ಕಾಲುಸೇತುವೆ ಇದೆ, ಝೆಡ್ ಬ್ರಿಜ್. ಎರಡೂ ಬದಿ ತಡೆಬೇಲಿ, ಕೆಳಗೆ ರೈಲು, ನಡುವೆ ಎಲ್ಲೂ ಇಳಿಯಲು ದಾರಿಯಿಲ್ಲ. ಒಮ್ಮೆ ಹತ್ತಿದರೆ ಆ ತುದಿಯೇ ಗತಿ. ಹಗಲು ಸಾವಿರಾರು ಜನ ಹಾಯುವ ಅದೇ ಸೇತುವೆಯನ್ನು ಒಂಬತ್ತರ ಮೇಲೆ ನಾನು ಹತ್ತುತ್ತಿರಲಿಲ್ಲ. ಒಂದು ಸ್ಟೇಷನ್ ಹೆಚ್ಚು ಹೋಗಿ ದಾದರಿನ ಗದ್ದಲದಲ್ಲಿ ಗಾಡಿ ಬದಲಿಸುತ್ತಿದ್ದೆ. 2020ರ ಜನವರಿಯಲ್ಲಿ ಮಾಟುಂಗಾದ ರೈಲ್ವೆ ಸೇತುವೆಯ ಮೇಲೆ ಹೆಣ್ಣುಮಗಳೊಬ್ಬಳನ್ನು ಹಿಡಿದು ಮುತ್ತಿಟ್ಟು ಓಡಿದವನ ಸಿಸಿಟಿವಿ ಚಿತ್ರ ದೇಶವೆಲ್ಲ ಸುತ್ತಿತು. ಸಿಸಿಟಿವಿಯಿಂದಲೇ ಸಿಕ್ಕಿಬಿದ್ದ, ನಿಜ. ಕ್ಯಾಮೆರಾ ಎಲ್ಲವನ್ನೂ ನೋಡಿತು, ಆದದ್ದು ಆದ ಮೇಲೆ ಹೇಳಿತು. ಕಿಧರ್ ಜಾನಾ ಹೈ ಎಂದು ಕೇಳುವ ಬಾಯಿ ಅದಕ್ಕಿಲ್ಲ.

ವಿಚಿತ್ರವೆಂದರೆ ಇದೇ ಮಾಟುಂಗಾ ಸೆಂಟ್ರಲ್ ರೈಲ್ವೆಯ, ಪೂರ್ತಿ ಹೆಂಗಸರೇ ನಡೆಸುವ ಸ್ಟೇಷನ್. 2017ರಿಂದ ಸ್ಟೇಷನ್ ಮ್ಯಾನೇಜರಿಂದ ಹಿಡಿದು ಟಿಕೆಟ್ ಕೊಡುವವರು, ತಪಾಸಣೆ ಮಾಡುವವರು, ರೈಲ್ವೆ ಪೊಲೀಸರವರೆಗೆ ಎಲ್ಲರೂ ಮಹಿಳೆಯರು. ಲಿಮ್ಕಾ ದಾಖಲೆ ಪುಸ್ತಕದಲ್ಲೂ ಸೇರಿತು. ಟಿಕೆಟ್ ಕಿಟಕಿಯಲ್ಲಿ ಹೆಂಗಸು ಕೂತಿರುವುದು ನನಗೆ ಇಷ್ಟವೇ. ಹಾಗೆಂದು ಸೇತುವೆಯ ನಡುಭಾಗ ಅದರಿಂದ ಗಿಡ್ಡವಾಗುವುದಿಲ್ಲ. ಏರಿಯಾ ನೋಡುವವರು ಏರಿಯಾದ ಹೆಸರನ್ನು ಬಿಟ್ಟು ಇಂಥ ತುಂಡುಗಳನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ: ಸೇತುವೆ, ಸಬ್‌ವೇ, ಕಾಂಪೌಂಡ್ ಗೋಡೆಯ ಪಕ್ಕದ ಉದ್ದ ರಸ್ತೆ, ಅರ್ಧಕ್ಕೆ ನಿಂತ ಕಾಮಗಾರಿಯ ತಗಡಿನ ಬೇಲಿ. ಮನೆಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅಂಥ ಒಂದು ತುಂಡಿದ್ದರೂ ಮನೆ ಎಷ್ಟೇ ಚೆನ್ನಾಗಿರಲಿ, ನಾನಂತೂ ಬೇಡ ಎನ್ನುತ್ತೇನೆ.

ಇಂಥ ತುಂಡನ್ನು ಜನ ಗೆದ್ದುಕೊಂಡದ್ದೂ ಇದೆ. ಕಿಂಗ್ಸ್ ಸರ್ಕಲ್ಲಿನ ಹತ್ತಿರ ಅಂಬೇಡ್ಕರ್ ರಸ್ತೆಯ ಮೇಲೆ ಫ್ಲೈಓವರ್ ಬಂದಾಗ ಕೆಳಗಿನ ಜಾಗ ಕಂಡಕಂಡವರದಾಗುವ ಲಕ್ಷಣವಿತ್ತು. ಅಕ್ಕಪಕ್ಕದ ನಿವಾಸಿಗಳು ಪಾಲಿಕೆಯ ಬೆನ್ನು ಬಿದ್ದರು, ಇಲ್ಲಿ ಪಾರ್ಕಿಂಗ್ ಬೇಡ, ತೋಟ ಮಾಡಿ ಎಂದು. 2016ರಲ್ಲಿ ನಾನಾಲಾಲ್ ಡಿ. ಮೆಹತಾ ಉದ್ಯಾನ ತೆರೆಯಿತು. ಫ್ಲೈಓವರಿನ ಅಡಿಯಲ್ಲಿ ನರ್ಮದಾ ನದಿಯ ಹರಿವಿನಂತೆ ಬಳುಕುವ ಸುಮಾರು 600 ಮೀಟರ್ ಉದ್ದದ ನಡಿಗೆಯ ದಾರಿ. ತಲೆಯ ಮೇಲೆ ಲಾರಿಗಳು ಗುಡುಗುತ್ತಿರುತ್ತವೆ, ಕೆಳಗೆ ಅಜ್ಜಿಯರು ಕ್ಯಾನ್ವಾಸ್ ಬೂಟು ಹಾಕಿಕೊಂಡು ನಡೆಯುತ್ತಿರುತ್ತಾರೆ.

ಇನ್ನೊಂದು ಕಡೆ ಕಳೆದುಕೊಳ್ಳುವುದೂ ನಡೆದಿದೆ. ಪಗಡಿ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಬೀಳುತ್ತಿವೆ. ಬಾಡಿಗೆದಾರರಿಗೆ ಸ್ವಂತ ಮನೆ ಸಿಗುತ್ತದೆ, ಲಿಫ್ಟು ಬರುತ್ತದೆ. ಮೊಣಕಾಲು ನೋವಿನ ಆಂಟಿಯಂಥವರು ಅದನ್ನು ಬೇಡ ಎನ್ನಲಿ ಎಂದು ಬಯಸಲು ನನಗೇನು ಹಕ್ಕು? ಆದರೆ ಹೊಸ ಟವರಿನಲ್ಲಿ ಮೊದಲ ಐದಾರು ಅಂತಸ್ತು ಕಾರುಗಳಿಗೆ. ಬೀದಿಗೆ ಬಾಲ್ಕನಿ ಇಲ್ಲ, ಅಂಗಡಿ ಇಲ್ಲ, ಹೂವಿನವನು ಕೂರಲು ಮೆಟ್ಟಿಲಿಲ್ಲ. ನವಿ ಮುಂಬೈಯಲ್ಲಿ ನಾನು ಬೇಡವೆಂದು ಬಿಟ್ಟು ಬಂದ ಗೋಡೆ ಮಾಟುಂಗಾಕ್ಕೆ ಕಂತಿನಲ್ಲಿ ಬರುತ್ತಿದೆ. ಖಾಲಿ ಕೋಣೆಯ ವೃದ್ಧೆಯರೂ ಕಡಿಮೆಯಾಗುತ್ತಿದ್ದಾರೆ. ಈಗ ಆ ಬೀದಿಯಲ್ಲಿ ಹೊಸ ಹುಡುಗಿಗೆ ಕೋಣೆ ಸಿಕ್ಕರೂ ಬಾಡಿಗೆ ಕೈಗೆಟುಕುವಂತಿಲ್ಲ.

ಮಾಸ್ತರರ ಮಗಳು

ಹುಡುಗಿ ಬಂದಳು. ಅವಳ ಆಫೀಸು ವಿಕ್ರೋಲಿಯಲ್ಲಿ. ಬಂದ ಕೂಡಲೇ ಮನೆ ಬಾಡಿಗೆಯ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿಗೆ ಸಹಿ ಹಾಕಬೇಡ ಎಂದು ಮೊದಲೇ ಹೇಳಿದ್ದೆ. ವೈಡಬ್ಲ್ಯೂಸಿಎ ಮುಂತಾದವರು ನಡೆಸುವ, ದುಡಿಯುವ ಮಹಿಳೆಯರ ಹಾಸ್ಟೆಲುಗಳಿವೆ. ಜಾಗ ಸಿಗಲಿಲ್ಲವೆಂದರೆ ಯಾರ ಮನೆಯಲ್ಲಾದರೂ ಕೆಲವು ವಾರ. ಅವಳು ನನ್ನ ಮನೆಯಲ್ಲೇ ಇದ್ದಳು. ಮಾಸ್ತರರ ಪಟ್ಟಿಯ ಮೊದಲ ಸ್ಥಾನದ ಟವರನ್ನೂ ಅಪ್ಪನಿಗೆ ಬೇಜಾರಾಗಬಾರದೆಂದು ನೋಡಿ ಬಂದೆವು, ವಾರದ ದಿನ, ರಾತ್ರಿ. ಗೇಟು ಭವ್ಯವಾಗಿತ್ತು. ಸ್ಟೇಷನ್ನಿನಿಂದ ಬರುವಾಗ ಅವಳು ಮಾತು ನಿಲ್ಲಿಸಿದ್ದನ್ನು ನಾನು ಗಮನಿಸಿದೆ, ಏನೂ ಹೇಳಲಿಲ್ಲ.

ಕೊನೆಗೆ ಅವಳೇ ಆರಿಸಿದ್ದು ಘಾಟ್ಕೋಪರ್ ಪೂರ್ವ. ವಿಕ್ರೋಲಿಗೆ ಒಂದೇ ಸ್ಟೇಷನ್. ನಾನು ಅವಳಿಗೆ ಹೇಳಿದ್ದ ಏರಿಯಾ ಅದಲ್ಲ; ಗುಜರಾತಿಗಳ ಗದ್ದಲದ ಬಡಾವಣೆ, ಹಾರ್ನಿಗೆ ಕಿವಿ ಕೊಡಲಾಗುವುದಿಲ್ಲ, ನನಗಾದರೆ ತಲೆನೋವು ಬರುತ್ತಿತ್ತು. ಆದರೆ ಅವಳು ನೋಡಿದ್ದು ಬೇರೆ. ಸ್ಟೇಷನ್ನಿನ ಹತ್ತಿರದ ಖಾವು ಗಲ್ಲಿಯಲ್ಲಿ ರಾತ್ರಿ ಹತ್ತೂವರೆಗೆ ದೋಸೆಯ ಮೇಲೆ ಚೀಸ್ ಸುರಿಸಿಕೊಂಡು ತಿನ್ನುವ ಕಾಲೇಜು ಹುಡುಗಿಯರು, ಮೊಮ್ಮಕ್ಕಳಿಗೆ ಕುಲ್ಫಿ ಕೊಡಿಸುವ 'ಬಾ'ಗಳು, ಅಂದರೆ ಗುಜರಾತಿ ಅಜ್ಜಿಯರು. ಮನೆ ಮೊದಲ ಅಂತಸ್ತಿನಲ್ಲಿ, ಕೆಳಗೆ ಔಷಧಿ ಅಂಗಡಿ, ಪಕ್ಕದಲ್ಲಿ ಇಸ್ತ್ರಿಯವನು. ಇನ್ನಿಬ್ಬರು ಹುಡುಗಿಯರ ಜೊತೆ ಪಾಲು. ಟವರಿನ ಮನೆಯ ಅರ್ಧದಷ್ಟೂ ಇಲ್ಲ, ಬಾಡಿಗೆ ಅದಕ್ಕಿಂತ ಹೆಚ್ಚು.

ಮಾಸ್ತರರಿಗೆ ಇದು ಒಪ್ಪಿಗೆಯಾಗಿಲ್ಲ. ಫೋಟೋ ನೋಡಿ ನನಗೇ ಫೋನ್ ಮಾಡಿದರು. "ಗೇಟ್ ಎಲ್ಲೈತ್ರಿ? ಬಾಗಲಾ ನೇರ ರಸ್ತೇಕ್ಕ ಬರ್ತೈತಲ್ಲ!" ಔಷಧಿ ಅಂಗಡಿ ರಾತ್ರಿ ಹನ್ನೆರಡರವರೆಗೆ ತೆರೆದಿರುತ್ತದೆ ಎಂದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದರು. ಹೇಳಲು ಹೊರಟರೆ ಹೂವಿನವನಿಂದ ಶುರುಮಾಡಬೇಕಿತ್ತು. ಬಂದು ನೋಡಿರಿ ಎಂದೆ. ಮುಂದಿನ ತಿಂಗಳ ಎರಡನೆಯ ಶನಿವಾರಕ್ಕೆ ಬರುತ್ತಾರಂತೆ, ಬೆಳಿಗ್ಗೆ ಮುಟ್ಟಿ ಸಂಜೆಯ ಗಾಡಿಗೆ ವಾಪಸು. ಆ ಟಿಕೆಟ್ ರದ್ದು ಮಾಡಿಸಿ ಮರುದಿನದ್ದು ತೆಗೆಸಿರಿ ಎಂದು ಹೇಳಿ ಇಟ್ಟಿದ್ದೇನೆ. ರದ್ದು ಮಾಡಿದರೆ ಎಷ್ಟು ಕಡಿತವಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದಾರೆ.